ರೋಗಾಣುವಿನ ಬಹುವಚನ

ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥನಿಗೆ ಬೆನ್ನ ಹಿಂದೆ ಎಲ್ಲರೂ ಇಟ್ಟಿದ್ದ ಹೆಸರು ‘ಏಕವಚನ’. ಕಸ ಗುಡಿಸುವವರಿಂದ ಹಿಡಿದು ತನಗಿಂತ ಹತ್ತು ವರ್ಷ ಹಿರಿಯರಾದ ವೈದ್ಯರವರೆಗೆ ಯಾರನ್ನೂ ಆತ ‘ನೀವು’ ಎಂದವನಲ್ಲ. ರೋಗಾಣುಗಳಿಗೂ ಅದೇ ವ್ಯಾಕರಣ: ಒಬ್ಬ ರೋಗಿಗೆ ಒಂದೇ ರೋಗಾಣು. ವರದಿಯ ನಮೂನೆಯನ್ನು ಆತನೇ ಮಾಡಿಸಿದ್ದ. ಅದರಲ್ಲಿ ‘ರೋಗಾಣು’ ಎಂಬ ಪದದ ಮುಂದೆ ಒಂದೇ ಗೆರೆ. ಕಫ ಸವರಿ ರೋಗಾಣು ಬೆಳೆಸುವ ತಟ್ಟೆಯಲ್ಲಿ ಯಾವುದು ಹೆಚ್ಚು ಬೆಳೆದಿದೆಯೋ ಆ ಗೆರೆ ಅದಕ್ಕೆ, ಉಳಿದದ್ದು ಕಸ. ಒಂದು ದಿನ ಕಳೆದರೆ ತಟ್ಟೆಯೂ ಕಸ.

ಈ ವ್ಯಾಕರಣವನ್ನು ಹನ್ನೊಂದು ವರ್ಷ ತುಟಿಪಿಟಕ್ಕೆನ್ನದೆ ಪಾಲಿಸಿಕೊಂಡು ಬಂದ ತಂತ್ರಜ್ಞೆಯೊಬ್ಬಳಿದ್ದಳು. ಕಫದ ಡಬ್ಬಿ ಹಿಡಿದು ಕಿಟಕಿಗೆ ಬರುತ್ತಿದ್ದ ಹದಿನೇಳರ ಹುಡುಗಿ ಅವಳನ್ನು ‘ತಟ್ಟೆ ಅಕ್ಕ’ ಎನ್ನುತ್ತಿದ್ದಳು. ಹುಡುಗಿಗೆ ಹುಟ್ಟಿನಿಂದ ಸಿಸ್ಟಿಕ್ ಫೈಬ್ರೋಸಿಸ್. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗುತ್ತದೆ, ಬಂದ ರೋಗಾಣು ಅಲ್ಲೇ ಠಿಕಾಣಿ ಹೂಡುತ್ತದೆ. ಆ ವರ್ಷ ಮೂರು ಸಲ ಅವಳ ವರದಿಯಲ್ಲಿ ಸ್ಯೂಡೊಮೊನಾಸ್ ಎಂದು ಬಂತು, ತಟ್ಟೆಯನ್ನೆಲ್ಲ ಹಸಿರು ಮಾಡುವ ಪುಂಡ. ಮೂರು ಸಲವೂ ಅದಕ್ಕೆಂದೇ ಔಷಧಿ ಕೊಟ್ಟರು. ಮೂರು ಸಲವೂ ತಿಂಗಳೊಳಗೆ ಜ್ವರ ಮರಳಿ, ಉಸಿರು ಇನ್ನಷ್ಟು ಕುಗ್ಗಿತು.

ನಾಲ್ಕನೆಯ ಸಲ ತಟ್ಟೆ ಅಕ್ಕ ಉಪ್ಪು ಬೆರೆಸಿದ ತಟ್ಟೆಯೊಂದನ್ನು ಎಸೆಯಲು ಮರೆತಳು. ವಿಜ್ಞಾನದ ಹಂಬಲವೇನಲ್ಲ, ರಜೆಗೆ ಹೊರಡುವ ಗಡಿಬಿಡಿ. ಮೂರು ದಿನ ಬಿಟ್ಟು ಬಂದು ನೋಡಿದರೆ, ಉಪ್ಪಿಗೆ ಹಸಿರು ಪುಂಡ ಬೆಳೆಯಲಾಗದ ಆ ತಟ್ಟೆಯಲ್ಲಿ ಸೂಜಿಮೊನೆಯಷ್ಟು ಚುಕ್ಕಿಗಳು. ಪರೀಕ್ಷಿಸಿದಳು. ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ರೋಗಾಣು, ಆದರೆ ಕುಳ್ಳ.

ಪುಸ್ತಕ ತಿರುವಿದ ಮೇಲೆ ಕತೆ ಬಿಚ್ಚಿಕೊಂಡಿತು. ಹಸಿರು ಪುಂಡ ವಿಷ ಕಕ್ಕಿ ತನಗಿಂತ ಮೊದಲು ಬಂದವನ ಉಸಿರು ಕಟ್ಟಿಸುತ್ತಾನೆ. ಸ್ಟ್ಯಾಫಿಲೊಕಾಕಸ್ ಸಾಯುವ ಬದಲು ಮೈ ಕುಗ್ಗಿಸಿಕೊಂಡು, ಒಂದು ದಿನದಲ್ಲಿ ಕಣ್ಣಿಗೆ ಬೀಳದಷ್ಟು ಮೆಲ್ಲಗೆ ಬೆಳೆದು ಬದುಕುವುದನ್ನು ಕಲಿಯುತ್ತಾನೆ. ಹಾಗೆ ಕುಗ್ಗಿದವನೊಳಗೆ ಹಸಿರಿಗೆಂದು ಕೊಟ್ಟ ಔಷಧಿಯೂ ನುಗ್ಗುವುದಿಲ್ಲ. ಹೊಡೆದವನ ಕೃಪೆಯಿಂದಲೇ ಹೊಡೆಸಿಕೊಂಡವನು ಬಚಾವ್. ಏಕವಚನನ ಕೈಕೆಳಗೆ ಹನ್ನೊಂದು ವರ್ಷ ಸವೆಸಿದವಳಿಗೆ ಇದನ್ನು ತಿಳಿಯಲು ಪುಸ್ತಕವೇ ಬೇಕಿರಲಿಲ್ಲ.

“ಸರ್, ಎರಡು ಹೆಸರು ಬರೀಬೇಕು.”

“ಗೆರೆ ಎಷ್ಟಿದೆ?”

“ಒಂದು.”

“ಮತ್ತೆ? ಆ ಚುಕ್ಕಿ ನಿನ್ನ ಕೈಯಿಂದಲೇ ಬಿದ್ದಿರತ್ತೆ. ತಟ್ಟೆ ಮೂರು ದಿನ ಯಾಕಿಟ್ಟೆ ಅಂತ ಮೊದ್ಲು ಬರೆದುಕೊಡು, ಹೋಗು.”

ಬರೆದುಕೊಟ್ಟಳು. ಆಮೇಲೆ ನಮೂನೆಯ ‘ರೋಗಾಣು’ ಪಕ್ಕ ಪೆನ್ನಿನಲ್ಲಿ ‘ಗಳು’ ಎಂದು ಸೇರಿಸಿ, ಎರಡೂ ಹೆಸರು ಬರೆದು, ತಾನೇ ಸಹಿ ಹಾಕಿ, ಶ್ವಾಸಕೋಶದ ವೈದ್ಯೆಯ ಕೈಗೆ ನೇರವಾಗಿ ಕೊಟ್ಟಳು. ವೈದ್ಯೆ ಕುಳ್ಳನಿಗೂ ತಕ್ಕ ಔಷಧಿ ಸೇರಿಸಿದರು. ಎರಡು ತಿಂಗಳಾದರೂ ಜ್ವರದ ಸುಳಿವಿಲ್ಲ. ಇತ್ತ ಏಕವಚನ ಸಾಹೇಬರು ಸಭೆಯೊಂದರಲ್ಲಿ ‘ನಾವು ಕಂಡುಹಿಡಿದೆವು’ ಎಂದು ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದರು. ಕೇಳಿದ ತಟ್ಟೆ ಅಕ್ಕನಿಗೆ ಮೈಯೆಲ್ಲ ಉರಿಯಿತು.

ಮರುದಿನ ಹುಡುಗಿ ಡಬ್ಬಿ ಹಿಡಿದು ಕಿಟಕಿಗೆ ಬಂದಳು.

“ಜ್ವರ ಇಲ್ಲ ಅಕ್ಕಾ. ಆದ್ರೆ ಹೋದ ಉಸಿರು ವಾಪಸ್ ಬರಲ್ಲವಂತೆ, ಡಾಕ್ಟ್ರು ಹೇಳಿದ್ರು. ಆ ಕುಳ್ಳ ಮೊದಲ ಮೂರು ಸಲ ಇರ್ಲಿಲ್ವಾ?”

ಮುಖ್ಯಸ್ಥನನ್ನು ಬೈಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. ಬೈಗುಳ ನಾಲಿಗೆಯ ತುದಿಗೇ ಬಂದಿತ್ತು.

“ಇದ್ದಿರಬೇಕು ಕಣೇ. ನಾವು ನೋಡ್ಲಿಲ್ಲ.”

“ನಾವು ಅಂದ್ರೆ ಯಾರು?”

ಮೂರು ಸಲವೂ ತಟ್ಟೆಗಳನ್ನು ಮರುದಿನವೇ ಎಸೆದ ಕೈ ಡಬ್ಬಿಗಾಗಿ ಕಿಟಕಿಯಾಚೆ ಚಾಚಿಕೊಂಡಿತ್ತು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

“ನಾನು,” ಎಂದಳು.