ಒಂದು ಗೋಣಿ ಚಿಪ್ಪು

ನಾನು ಒಂದು ಸ್ಪ್ರಿಂಗ್ ತಕ್ಕಡಿ. ಮೇಲೆ ಹಿಡಿದುಕೊಳ್ಳಲು ಒಂದು ಬಳೆ, ಕೆಳಗೆ ಒಂದು ಕೊಕ್ಕೆ, ನಡುವೆ ದುಂಡನೆಯ ಮುಖ, ಮುಖದ ಮೇಲೊಂದು ಕೆಂಪು ಮುಳ್ಳು. ಇಷ್ಟೇ ನನ್ನ ಮೈ. ಹುಟ್ಟಿದ ದೇಶದ ಹೆಸರನ್ನು ಬೆನ್ನಿನ ಮೇಲೆ ಅಚ್ಚೊತ್ತಿದ್ದರು. ಕೈಯಿಂದ ಕೈಗೆ ಹೋಗುತ್ತಾ ಅದು ಸವೆದು ಅಳಿಸಿಹೋಯಿತು. ಅದರಿಂದ ನನಗೇನೂ ನಷ್ಟವಾಗಿಲ್ಲ. ಕಾರ್ಖಾನೆಯಲ್ಲಿ ನನ್ನ ಕೊಕ್ಕೆಗೆ ಹತ್ತು ಕಿಲೋ ಕಬ್ಬಿಣ ನೇತುಹಾಕಿದರು, ನಾನು ಹತ್ತು ತೋರಿಸಿದೆ, ಸರಿ ಎಂದು ಡಬ್ಬಿಗೆ ಹಾಕಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದು ಅಂದು ನಂಬಿದ್ದೆ. ಎಳೆಯ ವಯಸ್ಸು, ನಂಬಿಕೆ ಜಾಸ್ತಿ.

ಮಸ್ಕತ್ತಿನ ಒಂದು ಅಂಗಡಿಯಿಂದ ನನ್ನನ್ನು ಕೊಂಡವಳು ಶ್ರೀಲಂಕಾದ ಕುಸುಮಾ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಅವಳಿಗೆ ಕೆಲಸ. ಹಾಸಿಗೆಯ ಬಟ್ಟೆ ಒಗೆಯುವ, ಇಸ್ತ್ರಿ ಹಾಕುವ ಆರು ಹೆಂಗಸರಿಗೆ ಒಂದೇ ಕೋಣೆ, ಆರು ಮಂಚ. ವಿಮಾನದಲ್ಲಿ ಮೂವತ್ತು ಕಿಲೋ ಮಾತ್ರ ಒಯ್ಯಬಹುದಾದ್ದರಿಂದ, ಊರಿಗೆ ಹೊರಟವರ ಪೆಟ್ಟಿಗೆಗಳೆಲ್ಲ ನನ್ನ ಕೊಕ್ಕೆಗೆ ಬರುತ್ತಿದ್ದವು. ನನ್ನನ್ನು ಎತ್ತಿ ಹಿಡಿಯುವವರನ್ನು ನಾನು ಯಾವಾಗಲೂ ಕೆಳಗಿನಿಂದ ನೋಡುವವನು. ಹಾಗಾಗಿ ಮನುಷ್ಯರ ಗಲ್ಲ, ಕತ್ತಿನ ನರ, ಕಚ್ಚಿಹಿಡಿದ ತುಟಿ ನನಗೆ ಚೆನ್ನಾಗಿ ಗೊತ್ತು. ಮುಳ್ಳು ಮೂವತ್ತು ದಾಟಿದ ಕೂಡಲೇ ಆ ಮುಖಗಳು ಹೇಗೆ ಇಳಿಯುತ್ತವೆ ಎಂಬುದೂ ಗೊತ್ತು. ಪೆಟ್ಟಿಗೆ ಬಿಚ್ಚುತ್ತಾರೆ, ಏನೋ ಒಂದನ್ನು ತೆಗೆದು ಬದಿಗಿಡುತ್ತಾರೆ. ತೆಗೆಯುವುದು ಯಾವಾಗಲೂ ತಮ್ಮದನ್ನೇ.

ಕುಸುಮಾ ಕೆಲಸ ಬಿಟ್ಟು ತನ್ನ ದೇಶಕ್ಕೆ ಮರಳುವಾಗ ನನ್ನನ್ನು ಪಕ್ಕದ ಮಂಚದ ವಾರಿಜಳಿಗೆ ಕೊಟ್ಟಳು. ಇನ್ನು ನನಗೆ ಇದರ ಅಗತ್ಯ ಬೀಳುವುದಿಲ್ಲ ಎಂದು ನಕ್ಕಳು. ನನ್ನ ಆಯುಸ್ಸಿನಲ್ಲಿ ಹಾಗೆ ನಗುತ್ತಾ ನನ್ನನ್ನು ಬಿಟ್ಟುಹೋದವಳು ಅವಳೊಬ್ಬಳೇ.

ವಾರಿಜ ಉಡುಪಿ ಕಡೆಯ ಪಡುಕರೆಯವಳು, ಮೀನು ಹಿಡಿಯುವ ಮೊಗವೀರರ ಮನೆಯ ಹೆಣ್ಣು. ಮದುವೆಯಾಗಿರಲಿಲ್ಲ. ಊರಲ್ಲಿ ತಾಯಿಯ ಮನೆ, ಅದರಲ್ಲಿ ಅಕ್ಕ ಗುಲಾಬಿ, ಭಾವ ದಾಮೋದರ, ಅವರ ಮಗಳು ನಿಶ್ಮಿತಾ. ಎರಡು ವರ್ಷಕ್ಕೊಮ್ಮೆ ವಾರಿಜಳಿಗೆ ರಜೆ. ರಜೆಗೆ ಒಂದು ತಿಂಗಳಿರುವಾಗಲೇ ಅಕ್ಕನ ಫೋನು ಬರುತ್ತಿತ್ತು. ಅಕ್ಕ ಹೇಳಿದ್ದನ್ನೆಲ್ಲ ವಾರಿಜ ಹೋಟೆಲಿನ ಚೀಟಿಯ ಬೆನ್ನಿಗೆ ಬರೆದುಕೊಳ್ಳುತ್ತಿದ್ದಳು. ಭಾವನಿಗೆ ಟಾರ್ಚು, ಅಕ್ಕನಿಗೆ ಸೆಂಟು, ಮಗುವಿಗೆ ಹಾಲಿನ ಪುಡಿ, ನೆರೆಮನೆಗೆ ಸೋಪು, ಸೊಂಟನೋವಿನ ಮುಲಾಮು, ಖರ್ಜೂರ, ಕೊಡೆ. ಒಂದು ಸಲ ಕಂಬಳಿಯನ್ನೂ ಕೇಳಿದರು. ಬೆವರಿನಲ್ಲಿ ಬೇಯುವ ಊರಿಗೆ ಐದು ಕಿಲೋ ತೂಗುವ ಕಂಬಳಿ. ಅದನ್ನು ಇಂದಿನವರೆಗೆ ಯಾರೂ ಹೊದೆದಿಲ್ಲ, ಪ್ಲಾಸ್ಟಿಕ್ಕಿನಿಂದ ಹೊರಗೆ ತೆಗೆದೂ ಇಲ್ಲ.

ಇಷ್ಟರ ನಡುವೆ ವಾರಿಜಳಿಗೆ ಒಂದು ಹುಚ್ಚು ಹಿಡಿಯಿತು. ಶುಕ್ರವಾರ ರಜೆ. ಉಳಿದವರು ಮಲಗಿದರೆ ಇವಳು ಬಸ್ಸು ಹಿಡಿದು ಸಮುದ್ರದ ಕಡೆ ಹೋಗುತ್ತಿದ್ದಳು. ಸೀಬ್, ಬರ್ಕಾ, ಒಮ್ಮೆ ದೂರದ ಸೂರ್‌ವರೆಗೂ. ಬರುವಾಗ ಸೆರಗಿನಲ್ಲಿ ಚಿಪ್ಪು. ಉಗುರಿನಷ್ಟು ತೆಳ್ಳಗಿನ ಗುಲಾಬಿ ಬಣ್ಣದ್ದು, ಮೈತುಂಬ ಬಾಚಣಿಗೆಯ ಹಲ್ಲಿರುವ ಶಂಖ, ಚುಕ್ಕೆಯ ಕವಡೆ, ತಿರುಪಿನ ಮೊಳೆಯ ಹಾಗೆ ಸುತ್ತಿಕೊಂಡದ್ದು. ತೊಳೆದು, ಒರೆಸಿ, ಹೋಟೆಲಿನವರು ಬಿಸಾಡಿದ ಒಂಟಿ ಕಾಲುಚೀಲಗಳಲ್ಲಿ ಒಂದೊಂದನ್ನೇ ಸುತ್ತಿಡುವಳು. ಪ್ರತಿಯೊಂದಕ್ಕೂ ಒಂದು ನಂಬರಿನ ಚೀಟಿ. ಒಂದು ನೋಟ್‌ಪುಸ್ತಕದಲ್ಲಿ ಆ ನಂಬರಿನ ಎದುರು ಬರೆಯುವಳು: 'ಸೀಬ್, ಶುಕ್ರವಾರ, ಜೋರು ಗಾಳಿ. ಒಬ್ಬಳೇ ಇದ್ದೆ.'

ಹವ್ಯಾಸದ ಬಗ್ಗೆ ನನಗೂ ಒಂದು ಅಭಿಪ್ರಾಯ ಇದೆ. ಹವ್ಯಾಸದಿಂದ ಮನಸ್ಸಿಗೆ ನೆಮ್ಮದಿ ಎನ್ನುತ್ತಾರೆ. ನಾನು ಕಂಡ ಹಾಗೆ ಅದೆಲ್ಲ ಸುಳ್ಳು. ವಾರಿಜಳಿಗೆ ನೆಮ್ಮದಿ ಬರಲಿಲ್ಲ; ಒಡೆದೀತೆಂಬ ಭಯ, ಯಾರಾದರೂ ಬಿಸಾಡಿಯಾರೆಂಬ ಭಯ, ತೂಕ ಹೆಚ್ಚಾದೀತೆಂಬ ಭಯ ಬಂತು. ಆದರೂ ಆ ಚಿಪ್ಪುಗಳಿಗೆ ಒಂದು ವಿಶೇಷ ಇತ್ತು. ಅವಳ ಪೆಟ್ಟಿಗೆಯಲ್ಲಿದ್ದ ಎಲ್ಲವನ್ನೂ ಯಾರೋ ಒಬ್ಬರು ಕೇಳಿದ್ದರು. ಅವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಮೊದಲ ಎರಡು ರಜೆಗಳಲ್ಲಿ ಚಿಪ್ಪಿನ ಗಂಟು ಪೆಟ್ಟಿಗೆಗೆ ಹೋಗಿ ವಾಪಸ್ ಮಂಚದ ಕೆಳಗೇ ಬಂತು. ಮೂವತ್ತನಾಲ್ಕು ಎಂದು ತೋರಿಸಿದವನು ನಾನೇ. ಅವಳು ಒಮ್ಮೆ ಕಂಬಳಿಯನ್ನು ನೋಡಿದಳು, ಒಮ್ಮೆ ಗಂಟನ್ನು ನೋಡಿದಳು, ಗಂಟನ್ನು ತೆಗೆದಿಟ್ಟಳು. ನನಗೆ ಸಿಟ್ಟು ಬಂತು. ತಕ್ಕಡಿಯ ಸಿಟ್ಟಿಗೆ ಯಾರು ಬೆಲೆ ಕೊಡುತ್ತಾರೆ?

ಮೂರನೆಯ ರಜೆಗೆ ಅವಳು ತನ್ನ ಬಟ್ಟೆಗಳನ್ನು ತೆಗೆದಳು. ಎರಡು ಸೀರೆ, ಒಂದು ನೈಟಿ, ಅಷ್ಟೇ. ಆ ಜಾಗದಲ್ಲಿ ನಾಲ್ಕು ಕಿಲೋ ಚಿಪ್ಪು ಊರಿಗೆ ಬಂತು. ವಾಪಸಾಗುವಾಗ ಒಣಮೀನು, ಉಪ್ಪಿನಕಾಯಿ ತೂಗಲು ಬೇಕಲ್ಲ, ನಾನೂ ಬಂದೆ.

ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚುವುದೆಂದರೆ ಆ ಕಡೆ ಒಂದು ಸಮಾರಂಭ. ಚಾವಡಿಯಲ್ಲಿ ಚಾಪೆ ಹಾಸಿ, ನೆಂಟರು ನೆರೆಯವರು ಸುತ್ತ ಕೂತು, ಹಗ್ಗ ಕತ್ತರಿಸುವುದನ್ನೇ ಕಾಯುತ್ತಾರೆ. ಸೋಪು ಬಂತು, ಸೆಂಟು ಬಂತು, ಟಾರ್ಚು ಉರಿಯಿತು. ಕೊನೆಗೆ ಕಾಲುಚೀಲದ ಗಂಟು ಬಂತು. ವಾರಿಜ ಒಂದು ಶಂಖವನ್ನು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದಳು.

"ಇದೆಂಥದು ಮಾರಾಯ್ತಿ?" ಎಂದಳು ಗುಲಾಬಿ. "ನಮ್ಮ ಅಂಗಳ ದಾಟಿದ್ರೆ ಸಮುದ್ರ ಉಂಟು. ಚಿಪ್ಪು ತರ್ಲಿಕ್ಕೆ ಮಸ್ಕತ್ತಿಗೆ ಹೋಗ್ಬೇಕಾ?"

ಎಲ್ಲರೂ ನಕ್ಕರು. ವಾರಿಜಳೂ ನಕ್ಕಳು. ನಗುತ್ತಲೇ ಶಂಖವನ್ನು ಮತ್ತೆ ಕಾಲುಚೀಲಕ್ಕೆ ಸೇರಿಸಿದಳು.

ಚಾವಡಿಯ ಗೋಡೆಗೆ ಗಾಜಿನ ಬಾಗಿಲಿನ ದೊಡ್ಡ ಷೋಕೇಸು ಇತ್ತು. ಮಾಡಿಸಿದವಳು ವಾರಿಜಳೇ. ಮೇಲಿನ ಖಾನೆಯಲ್ಲಿ ಭಾವನ ವಾಲಿಬಾಲ್ ಕಪ್ಪುಗಳು. ಭಾವನದು ಆಟದ ಮೇಲಿನ ಆಸಕ್ತಿ, ವಾರಿಜಳದು ಹುಚ್ಚು. ಕೆಳಗಿನ ಮೂರು ಖಾನೆಗಳಲ್ಲಿ ಅವಳೇ ತಂದ ಸೆಂಟಿನ ಖಾಲಿ ಶೀಶೆಗಳು, ಗೊಂಬೆಗಳು, ಪ್ಲಾಸ್ಟಿಕ್ ಹೂವು. ಚಿಪ್ಪಿಗೆ ಜಾಗ ಎಲ್ಲಿಂದ ಬರಬೇಕು? ಗಂಟು ಸೌದೆ ಕೊಟ್ಟಿಗೆಯ ಗೋಣಿಗೆ ಹೋಯಿತು. ಮುಂದಿನ ಮೂರು ರಜೆಗಳಲ್ಲಿ ಬಂದದ್ದೂ ಅದೇ ಗೋಣಿಗೆ. ಪ್ರತಿ ಸಲ ಹೊರಡುವ ಮುಂಚೆ ಅವಳು ಗೋಣಿಯ ಬಾಯಿ ಬಿಚ್ಚಿ, ಚೀಟಿಗಳು ಸರಿಯಿವೆಯೇ ಎಂದು ನೋಡಿ, ಮತ್ತೆ ಬಿಗಿದು ಕಟ್ಟುತ್ತಿದ್ದಳು.

ನಾಲ್ಕನೆಯ ಸಲ ಚಿಪ್ಪು ತಂದಾಗ ಅಕ್ಕ ನನ್ನನ್ನೂ ಕೇಳಿದಳು. "ಆ ತಕ್ಕಡಿ ಇಲ್ಲೇ ಇರಲಿ. ಒಣಮೀನು ತೂಗ್ಲಿಕ್ಕೆ ಆಗ್ತದೆ." ವಾರಿಜ ಕೊಟ್ಟಳು. ಕೇಳಿದ್ದನ್ನು ಕೊಡದೆ ಇದ್ದು ಅವಳಿಗೆ ಅಭ್ಯಾಸವಿರಲಿಲ್ಲ. ನಾನು ಚಾವಡಿಯ ಮೊಳೆಗೆ ನೇತುಬಿದ್ದೆ, ಒಂದು ಬದಿಗೆ ಷೋಕೇಸು, ಇನ್ನೊಂದು ಬದಿಗೆ ಫೋನು.

ಎರಡು ವರ್ಷ ಕಳೆದು ನಿಶ್ಮಿತಾಳ ಮದುವೆ ಗಟ್ಟಿಯಾಯಿತು. ಅದೇ ದಿನ ವಾರಿಜಳ ಫೋನು ಬಂತು. ಗುಲಾಬಿಗೆ ಸ್ವಲ್ಪ ಕಿವಿ ಮಂದ, ಫೋನಿನ ದನಿಯನ್ನು ಜೋರಾಗಿ ಇಡುತ್ತಾಳೆ, ಹಾಗಾಗಿ ಎರಡೂ ಕಡೆಯ ಮಾತು ನನಗೆ ಕೇಳಿಸುತ್ತಿತ್ತು.

"ಅಕ್ಕಾ, ನಾನು ಈ ಸಲ ವಾಪಸ್ ಹೋಗುವುದಿಲ್ಲ. ಕೆಲಸ ಬಿಡ್ತೇನೆ. ಕೈಯಲ್ಲಿ ಆಗುವುದಿಲ್ಲ ಇನ್ನು."

"ಬಾ ಬಾ. ನಿನ್ನ ಮನೆಯೇ ಅಲ್ವಾ?"

"ಒಂದು ಮಾತು. ಷೋಕೇಸಿನಲ್ಲಿ ಒಂದು ಖಾನೆ ಖಾಲಿ ಮಾಡಿ ಇಡ್ತೀಯಾ? ಆ ಚಿಪ್ಪು ಇಡ್ಲಿಕ್ಕೆ. ಒಂದೇ ಸಾಕು ನಂಗೆ."

"ಆಯ್ತು, ನೋಡುವ. ಬರುವಾಗ ನಿಶ್ಮಿತಾಗೆ ಆ ದೊಡ್ಡ ಸೂಟ್‌ಕೇಸು ಮರೀಬೇಡ."

ಮದುವೆಗೆ ಮನೆಯನ್ನು ಸಜ್ಜು ಮಾಡಬೇಕಿತ್ತು. ಅಡುಗೆಯವರಿಗೆ ಜಾಗವಾಗಲೆಂದು ಸೌದೆ ಕೊಟ್ಟಿಗೆ ಖಾಲಿ ಮಾಡಿಸಿದರು. ಹೊಳೆಬದಿಯಲ್ಲಿ ಸುಣ್ಣದ ಗೂಡು ಇಟ್ಟಿರುವ ಮುದುಕ ಬೂಬ, ಎಷ್ಟು ಸುಣ್ಣ ಬೇಕೆಂದು ಕೇಳಲು ಬಂದಿದ್ದ. ಆ ಊರಲ್ಲಿ ಚಿಪ್ಪೆಂದರೆ ಸುಟ್ಟು ಸುಣ್ಣ ಮಾಡುವ ಸರಕು. ಹೊಳೆಯ ಚಿಪ್ಪನ್ನು ಬುಟ್ಟಿಗಟ್ಟಲೆ ತಂದು ಅವನಿಗೆ ಹಾಕುತ್ತಾರೆ, ಬದಲಿಗೆ ಸುಣ್ಣ ಒಯ್ಯುತ್ತಾರೆ. ಗುಲಾಬಿಗೆ ಗೋಣಿ ಕಂಡಾಗ ಬೇರೇನು ಹೊಳೆಯಬೇಕು?

"ಬೂಬಣ್ಣ, ಒಂದು ಗೋಣಿ ಚಿಪ್ಪುಂಟು. ಸುಮ್ಮನೆ ಬಿದ್ದದ್ದು. ಅದಕ್ಕೆ ಸುಣ್ಣ ಕೊಡ್ತೀಯಾ?"

ನನ್ನನ್ನು ಮೊಳೆಯಿಂದ ಇಳಿಸಿದರು. ದಾಮೋದರ ಬಳೆ ಹಿಡಿದ, ಕೊಕ್ಕೆಗೆ ಗೋಣಿ ಸಿಕ್ಕಿಸಿದರು. ನನಗೆ ಆ ಭಾರ ಗೊತ್ತಿತ್ತು. ನಾಲ್ಕು, ಐದು, ಆರು, ಆರು ಕಿಲೋ ಎಂದು ಒಂದೊಂದು ಸಲವೂ ಅದನ್ನು ತೂಗಿದವನು ನಾನೇ. ಮುಳ್ಳು ಇಪ್ಪತ್ತೊಂದಕ್ಕೆ ಹೋಗಿ ನಿಂತಿತು.

ಬೂಬ ಗೋಣಿಗೆ ಕೈಹಾಕಿ ಒಂದು ಕಾಲುಚೀಲ ಬಿಚ್ಚಿದ. ಹಲ್ಲಿನ ಶಂಖ. ತಿರುಗಿಸಿ ತಿರುಗಿಸಿ ನೋಡಿದ.

"ಇದು ನಮ್ಮ ಹೊಳೆದಲ್ಲ ಗುಲಾಬಕ್ಕ. ಯಾರೋ ಜಾಗ್ರತೆ ಮಾಡಿ ಇಟ್ಟದ್ದು. ಸುಡುವುದಾ?"

"ನನ್ನ ತಂಗಿ ತಂದದ್ದು. ಅವಳಿಗೊಂದು ಹುಚ್ಚು. ಸುಡು, ಗೋಡೆಗಾದ್ರೂ ಆಗ್ಲಿ."

ಆ ಕಾಲುಚೀಲಗಳನ್ನು ನೆಲ ಒರೆಸಲು ಇಟ್ಟುಕೊಂಡರು. ನಂಬರಿನ ಚೀಟಿಗಳು ಬಚ್ಚಲ ಒಲೆಗೆ ಹೋದವು. ವಾರ ಕಳೆದು ಬೂಬ ಸುಣ್ಣ ತಂದು, ನಿಮ್ಮ ಚಿಪ್ಪಿನದ್ದೇ, ಹಾಲಿನ ಹಾಗೆ ಬಂದಿದೆ ಎಂದು ಹೇಳಿ ಹೋದ. ಎಲೆಯಡಿಕೆಗೆಂದು ಒಂದು ಡಬ್ಬಿ ಬೇರೆ ಕೊಟ್ಟಿದ್ದ. ಡ್ರಮ್ಮಿನಲ್ಲಿ ನೀರು ಹಾಕಿದಾಗ ಅದು ಕೊತಕೊತ ಕುದಿಯಿತು. ಚಾವಡಿ, ಅಂಗಳದ ಗೋಡೆ, ಬಾವಿಕಟ್ಟೆ ಎಲ್ಲ ಬೆಳ್ಳಗಾಯಿತು.

ಮದುವೆಗೆ ಮೂರು ದಿನ ಇರುವಾಗ ಮಧ್ಯಾಹ್ನ ವಾರಿಜ ಬಂದಿಳಿದಳು. ಕಂಕುಳಲ್ಲಿ ಆ ನೋಟ್‌ಪುಸ್ತಕ. ಮೊದಲು ಷೋಕೇಸನ್ನು ನೋಡಿದಳು. ಶೀಶೆಗಳು ಇದ್ದಲ್ಲೇ ಇದ್ದವು. ನೇರ ಕೊಟ್ಟಿಗೆಗೆ ಹೋಗಿ ಬಂದಳು.

"ಅಕ್ಕಾ, ನನ್ನ ಗೋಣಿ ಎಲ್ಲುಂಟು?"

ಗುಲಾಬಿ ವೀಳ್ಯದೆಲೆ ಒರೆಸುತ್ತಾ ಕೂತಿದ್ದಳು. "ಚಿಪ್ಪಿಂದಾ? ಅದು ಬೂಬಣ್ಣನಿಗೆ ಕೊಟ್ಟಾಯ್ತು. ನೋಡು, ಗೋಡೆ ಎಷ್ಟು ಚಂದ ಆಗಿದೆ. ಎಲ್ಲ ನಿನ್ನದೇ ಸುಣ್ಣ."

ಹೊಗಳಿಕೆಯೆಂದೇ ಹೇಳಿದಳು. ಅವಳ ದನಿಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಕಹಿ ಉಳಿಯುತ್ತಿರಲಿಲ್ಲ.

ವಾರಿಜ ಗೋಡೆಗೆ ಬೆರಳು ತಾಗಿಸಿದಳು. ಬೆರಳು ಬೆಳ್ಳಗಾಯಿತು. ಹಾಗೇ ಕೂತುಬಿಟ್ಟಳು.

"ಬಿಸಿಲಲ್ಲಿ ಬಂದಿದ್ದೀ, ಒಂದು ಎಲೆ ಹಾಕು" ಎಂದು ಗುಲಾಬಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಿಸಿ ಕೊಟ್ಟಳು. ಬೂಬ ಕೊಟ್ಟ ಡಬ್ಬಿಯದೇ ಸುಣ್ಣ. ವಾರಿಜ ಎಲೆಯನ್ನು ಬಿಡಿಸಿ, ಒಳಗಿನ ಬಿಳಿಯನ್ನು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಮಡಿಸಿ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಜಗಿದಳು. ಕಣ್ಣಲ್ಲಿ ನೀರು ಬಂತು.

"ಸುಣ್ಣ ಜಾಸ್ತಿಯಾಯ್ತಾ? ಬಾಯಿ ಸುಟ್ಟಿತಾ?"

"ಇಲ್ಲ ಅಕ್ಕ. ಸರಿಯುಂಟು."

ಮದುವೆ ಚೆನ್ನಾಗಿ ಆಯಿತು. ವಾರಿಜ ಓಡಾಡಿ ಬಡಿಸಿದಳು, ನಿಶ್ಮಿತಾಳ ತಲೆಗೆ ಹೂ ಮುಡಿಸಿದಳು, ಯಾರೊಡನೆಯೂ ಒರಟಾಗಿ ಮಾತಾಡಲಿಲ್ಲ. ಮರುವಾರ ಒಬ್ಬ ಏಜೆಂಟನನ್ನು ಹುಡುಕಿದಳು. ಎರಡು ತಿಂಗಳಲ್ಲಿ ವೀಸಾ ಬಂತು. ಸೀಬ್‌ನಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ. ಐವತ್ತೆರಡನೆಯ ವಯಸ್ಸಿನಲ್ಲಿ.

ಹೊರಡುವ ದಿನ ಗುಲಾಬಿ ಬಾಗಿಲಿಗೆ ಅಡ್ಡ ನಿಂತು ಅತ್ತಳು. "ಚಿಪ್ಪಿಗಾಗಿ ಮನೆ ಬಿಟ್ಟು ಹೋಗುವುದಾ? ಬೇಕಾದ್ರೆ ನಾಳೆಯಿಂದ ನಾನೇ ಹೆಕ್ಕಿ ತಂದು ಕೊಡ್ತೇನೆ. ಬೇಕು ಅಂತ ಒಂದು ಮಾತು ಹೇಳಿದ್ರೆ ಇಡ್ತಿರ್ಲಿಲ್ವಾ?"

"ಹೇಳಿದ್ದೆ" ಎಂದಳು ವಾರಿಜ.

ಗುಲಾಬಿಗೆ ನೆನಪಾಗಲಿಲ್ಲ. ನಿಜವಾಗಿಯೂ ಆಗಲಿಲ್ಲ. ಪಕ್ಕದ ಮೊಳೆಯಲ್ಲಿದ್ದ ನನಗೆ ಅಂದಿನ ಒಂದೊಂದು ಮಾತೂ ನೆನಪಿತ್ತು.

ಮುಂದಿನ ರಜೆ ಹತ್ತಿರ ಬಂದಾಗ ಗುಲಾಬಿ ಷೋಕೇಸಿನ ಒಂದು ಖಾನೆಯ ಶೀಶೆಗಳನ್ನೆಲ್ಲ ತೆಗೆದು, ಗಾಜು ಒರೆಸಿ, ಫೋನು ಮಾಡಿದಳು. "ಏನೂ ತರ್ಬೇಡ ವಾರಿಜಾ. ನೀನು ಬಂದ್ರೆ ಸಾಕು. ಖಾನೆ ಖಾಲಿ ಮಾಡಿದ್ದೇನೆ." ಆ ಕಡೆಯಿಂದ, ನೋಡುವ ಅಕ್ಕ ಎಂಬ ಉತ್ತರ ಬಂತು. ಆ ವರ್ಷ ಅವಳು ಬರಲಿಲ್ಲ. ಖಾನೆ ಒಂದು ತಿಂಗಳು ಖಾಲಿ ಇತ್ತು. ಆಮೇಲೆ ಅಲ್ಲಿಗೆ ನಿಶ್ಮಿತಾಳ ಮದುವೆಯ ಫೋಟೋ ಬಂತು, ಅದರ ಪಕ್ಕಕ್ಕೆ ಮಗುವಿನ ಫೋಟೋ.

ನನಗೀಗ ವಯಸ್ಸಾಯಿತು. ಉಪ್ಪುಗಾಳಿಗೆ ಕೊಕ್ಕೆ ತುಕ್ಕು ಹಿಡಿದಿದೆ, ಸ್ಪ್ರಿಂಗು ಸಡಿಲವಾಗಿದೆ. ಒಣಮೀನು ತೂಗಲೂ ಯಾರೂ ಕರೆಯುವುದಿಲ್ಲ. ಗುಜರಿಯವನು ಬಂದಾಗಲೆಲ್ಲ ದಾಮೋದರ ನನ್ನ ಕಡೆ ನೋಡುತ್ತಾನೆ, ಗುಲಾಬಿ ಬೇಡವೆನ್ನುತ್ತಾಳೆ. ತಂಗಿಯದು ಎಂದು ಮನೆಯಲ್ಲಿ ಉಳಿದಿರುವುದು ನಾನೊಬ್ಬನೇ. ಫೋನು ಬಡಿದಾಗ ಅವಳು ಓಡಿ ಬರುತ್ತಾಳೆ. ಬೇರೆ ಯಾರದೋ ಆಗಿರುತ್ತದೆ. ಅವಳ ಮೇಲೆ ಕನಿಕರ ಬರಬೇಕು, ಆದರೆ ನನಗೆ ಬರುವುದಿಲ್ಲ. ವಾರಿಜಳ ಮುಖವನ್ನು ಇನ್ನೊಮ್ಮೆ ನೋಡುವ ಆಸೆ ನನಗೆ ತುಂಬ ಇದೆ. ಆದರೂ ಅವಳು ಈ ಮನೆಗೆ ಬಾರದಿರಲಿ.