ಕೆಂಪು ಗೆರೆಯವರೆಗೆ ನೀರು

ಆಸ್ಪತ್ರೆಗೆ ಸೇರುವ ಹಿಂದಿನ ದಿನ ನನ್ನ ಮಾವ ಬುಡ ಕಡಿದ ಏಳು ಅಡಿಯ ಕ್ರಿಸ್‌ಮಸ್ ಮರವೊಂದನ್ನು ತಂದು ನಮ್ಮ ಹಜಾರದಲ್ಲಿ, ನೀರಿನ ಬೋಗುಣಿಯಿರುವ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ತುದಿಯ ನಕ್ಷತ್ರಕ್ಕೂ ಸೂರಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗವಿತ್ತು. ಅವರು ಬಡಗಿ. ಅಳತೆಪಟ್ಟಿ ಜೇಬಿನಿಂದ ಹೊರಗೇ ಬಂದಿರಲಿಲ್ಲ.

"ಸೊಂಟದ ಆಪರೇಷನ್ ಮುಗಿಸ್ಕೊಂಡು ಇಪ್ಪತ್ನಾಲ್ಕಕ್ಕೆ ಬರ್ತೀನಿ. ಅಲ್ಲೀವರೆಗೆ ಒಂದು ಸೂಜಿ ಎಲೆ ಉದುರಬಾರದು, ಅಳಿಯಂದ್ರೆ. ಹೀಟರ್ ಹತ್ರ ಇಡ್ಬೇಡಿ. ಬೋಗುಣೀಲಿ ನೀರು ಇಳೀತಿಲ್ಲ ಅಂದ್ರೆ ಬುಡಕ್ಕೆ ಅಂಟು ಕಟ್ಟಿದೆ ಅಂತ ಲೆಕ್ಕ. ಒಂದ್ ತುಂಡು ಕೊಯ್ದು ತಕ್ಷಣ ಮತ್ತೆ ನೀರಿಗೆ ನಿಲ್ಸಿ."

ಹೀಗೆ ಹೇಳಿ ತಮ್ಮ ಗರಗಸವನ್ನು ನನ್ನ ಕೈಗಿತ್ತರು. ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ ಅವರು ನನ್ನನ್ನು ನಂಬಿ ಒಂದು ಮೊಳೆಯನ್ನೂ ಕೊಟ್ಟವರಲ್ಲ. ನಾನು ಗೋಡೆಗೆ ಹೊಡೆದ ಏಕೈಕ ಶೆಲ್ಫನ್ನು ಮರುದಿನವೇ ಬಂದು, ಮಾತಿಲ್ಲದೆ ಬಿಚ್ಚಿ, ನೇರ ಮಾಡಿ ಹೋಗಿದ್ದರು. ಬೆನ್ನ ಹಿಂದೆ ನನ್ನನ್ನು ಪುಸ್ತಕದ ಬದನೆಕಾಯಿ ಎನ್ನುತ್ತಾರೆಂದು ಹೆಂಡತಿಯಿಂದಲೇ ಗೊತ್ತಾಗಿತ್ತು. ಈ ಮರ ಒಣಗಿದರೆ ಅದನ್ನು ಮುಖದ ಮೇಲೇ ಹೇಳಲು ಅವರಿಗೆ ಅಡ್ಡಿಯಿರಲಿಲ್ಲ.

ನಾನು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಬೋಗುಣಿಯ ಒಳಬದಿಗೆ ಮಿಲಿಮೀಟರ್ ಪಟ್ಟಿ ಅಂಟಿಸಿ, ನೀರು ಎಲ್ಲಿಯವರೆಗೆ ಇರಬೇಕೋ ಅಲ್ಲಿ ಕೆಂಪು ಗೆರೆ ಎಳೆದೆ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಅಳತೆ. ಅದಕ್ಕೊಂದು ನೋಟ್‌ಬುಕ್.

ಮೊದಲ ದಿನ ಮರ ಎರಡು ಲೀಟರ್ ಕುಡಿಯಿತು. ಎರಡನೆಯ ದಿನದಿಂದ ಏನೂ ಇಲ್ಲ. ಎರಡೂ ಹೊತ್ತು ನೀರು ಸರಿಯಾಗಿ ಕೆಂಪು ಗೆರೆಯ ಮೇಲೇ ನಿಂತಿತ್ತು. ಆವಿಯಾಗಿಯಾದರೂ ಒಂದೆರಡು ಮಿಲಿಮೀಟರ್ ಇಳಿಯಬೇಕಿತ್ತು. ಅದನ್ನು ನಾನು ಗಮನಿಸದೆ ಇರಲಿಲ್ಲ. ಗಮನಿಸಿ, ಬರೆದು, ಕೆಳಗೆ ಗೆರೆ ಎಳೆದು ಪುಟ ತಿರುವಿದೆ.

ನಾಲ್ಕನೆಯ ದಿನ ದೀಪದ ಸರ ಬಿಚ್ಚಿ, ಮರ ಮಲಗಿಸಿ, ಬುಡದಿಂದ ಒಂದಂಗುಲ ಕೊಯ್ದೆ. ಗರಗಸ ಎಡಕ್ಕೆ ಎಳೆಯಿತು. ಫಲಿತಾಂಶ ಸೊನ್ನೆ. ಆರನೆಯ ದಿನ ಇನ್ನೊಂದಂಗುಲ. ಅಂಟು ಇನ್ನೂ ಮೇಲಕ್ಕೆ ಹೋಗಿರಬೇಕೆಂದು ಆಮೇಲೆ ಎರಡು, ನಾಲ್ಕು, ಆರು ಅಂಗುಲ, ಹೀಗೆ ಹೆಚ್ಚಿಸುತ್ತಾ ಕೊಯ್ದೆ. ಸ್ಟ್ಯಾಂಡಿಗೆ ಕೂರಲು ಪ್ರತಿ ಸಲವೂ ಕೆಳಗಿನ ಕೊಂಬೆಗಳನ್ನು ತೆಗೆಯಬೇಕಾಗುತ್ತಿತ್ತು.

"ರೀ, ಮತ್ತೆ ಕೊಯ್ತಿದೀರಾ?" ಎಂದಳು ಹೆಂಡತಿ, ಬೇಕರಿಯ ಏಪ್ರನ್ ಬಿಚ್ಚುತ್ತಾ.

"ನಿಮ್ಮಪ್ಪನೇ ಹೇಳಿರೋದು."

"ಅಪ್ಪ ಹೇಳಿದ್ರೆ ಸರಿ ಬಿಡಿ," ಎಂದು ಒಳಗೆ ಹೋದಳು.

ಇಪ್ಪತ್ತಮೂರರ ಹೊತ್ತಿಗೆ ಏಳು ಸಲ ಕೊಯ್ದಿದ್ದೆ. ತುಂಡುಗಳಿಗೆ ತಾರೀಖು ಬರೆದು ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೆ. ಮರ ನಾಲ್ಕೂಕಾಲು ಅಡಿಗೆ ಇಳಿದಿತ್ತು. ಎತ್ತರಕ್ಕಿರಲೆಂದು ಅದನ್ನು ಸ್ಟೂಲಿನ ಮೇಲೆ ಹತ್ತಿಸಿದೆ.

ಮರುದಿನ ಮಾವ ವಾಕರ್ ಹಿಡಿದು ಬಂದರು. ಮೊದಲು ಸೂರು ನೋಡಿದರು. ಆಮೇಲೆ ನಕ್ಷತ್ರ ಹುಡುಕುತ್ತಾ ಕಣ್ಣು ಕೆಳಗಿಳಿಸಿದರು.

"ಇದ್ಯಾರ ಮನೆ ಮರ?"

ನಾನು ನೋಟ್‌ಬುಕ್ ಮುಂದಿಟ್ಟೆ. ಅವರು ಕನ್ನಡಕ ಹಾಕಿ ಹದಿನೆಂಟು ದಿನದ ಅಳತೆಗಳನ್ನು ಓದಿದರು. ಒಂದು ಸೂಜಿ ಎಲೆ ಕಿತ್ತು ಬಾಗಿಸಿದರು. ಅದು ಮುರಿಯದೆ ಬಿಲ್ಲಿನಂತೆ ಬಾಗಿತು.

"ನೀರು ಕುಡೀದೆ ಇರೋ ಮರ ಹಿಂಗಿರಲ್ಲ," ಎಂದು ಮಗಳ ಕಡೆ ತಿರುಗಿದರು. "ನೀನೇನಾದ್ರೂ ಹಾಕ್ತಿದ್ಯಾ?"

"ನೀನೇ ತಾನೆ ಅಪ್ಪ ಆಸ್ಪತ್ರೆಯಿಂದ ಫೋನ್ ಮಾಡಿದ್ದು? 'ನಿನ್ ಗಂಡ ಅಳೀತಾ ಕೂರ್ತಾನೆ, ಹಾಕೋದು ಮರೀತಾನೆ, ನೀನೇ ಹಾಕು, ಹೇಳ್ಬೇಡ, ಬೇಜಾರ್ ಮಾಡ್ಕೋತಾನೆ' ಅಂತ. ಬೆಳಿಗ್ಗೆ ಆರಕ್ಕೆ ಹೊರಡೋವಾಗ ಒಂದ್ಸಲ, ಸಂಜೆ ಆರಕ್ಕೆ ಬಂದಮೇಲೆ ಒಂದ್ಸಲ. ಇವರೇ ಕೆಂಪು ಗೆರೆ ಎಳೆದಿದ್ರಲ್ಲ, ಸರಿಯಾಗಿ ಅಲ್ಲೀವರೆಗೇ ಹಾಕ್ತಿದ್ದೆ."

ಮಾವ ಕಿವಿ ಕೆರೆದುಕೊಂಡರು. ನಾನು ನೋಟ್‌ಬುಕ್ ಮುಚ್ಚಿದೆ.

ಅವರು ಕಿಟಕಿಯವರೆಗೆ ಮೆಲ್ಲಗೆ ನಡೆದು ಮೊದಲ ತುಂಡನ್ನು ಎತ್ತಿದರು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಅದನ್ನು ಹಾಗೇ ಕೆಳಗಿಟ್ಟು, ಒಂದೊಂದನ್ನೇ ದಾಟಿ ಏಳನೆಯದಕ್ಕೆ ಬಂದರು. ಕೊಯ್ದ ಮೈಮೇಲೆ ಹೆಬ್ಬೆರಳು ಆಡಿಸಿದರು. ಕಿಟಕಿಯ ಹಲಗೆಯ ಮೇಲೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡಿದರು. ತುಂಡು ಅಲುಗದೆ ನಿಂತಿತು.

"ಇದು ನೇರ ಬಂದಿದೆ," ಎಂದರು.

ನಾನು ಗರಗಸ ಒರೆಸಿ ಅವರಿಗೆ ಕೊಡಲು ಹೋದೆ. ಅವರ ಎರಡೂ ಕೈ ವಾಕರ್ ಮೇಲೇ ಇದ್ದವು.

"ನಿಮ್ಮ ಹತ್ರಾನೇ ಇರ್ಲಿ. ಆ ಸ್ಟೂಲು ಒಂದು ಕಡೆ ಅಲ್ಲಾಡ್ತಿದೆ, ಕಾಲು ಒಂಚೂರು ಕೊಯ್ದು ಸರಿ ಮಾಡಿ."

ನಾನು ಅಳತೆಪಟ್ಟಿ ಹುಡುಕತೊಡಗಿದೆ. "ಕೊಯ್ಯೋದು ಒಂದೇ ಸಲ, ಅಳಿಯಂದ್ರೆ," ಎಂದರು ಹಿಂದಿನಿಂದ.