ಬಾಗಿಲಿಲ್ಲದ ಡಿಕ್ಕಿಯ ಹೆನ್ರಿ ಜೆ

ಹಡ್ಸನ್‌ವಿಲ್‌ನ ಹೆನ್ರಿ ವ್ರಗಿಂಕ್ ಜಿಪುಣನೆಂದು ಊರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಮಿಶಿಗನ್ನಿನ ಆ ಕಪ್ಪು ಜೌಗು ಮಣ್ಣಿನಲ್ಲಿ ಸೆಲರಿ ಸೊಪ್ಪು ಬೆಳೆಯುವ ಡಚ್ಚರೆಲ್ಲ ಹಾಗೆಯೇ ಇದ್ದರು. ಒಂದೇ ಕಾಫಿ ಪುಡಿಯನ್ನು ಎರಡು ಸಲ ಕುದಿಸುವುದು, ಭಾನುವಾರದ ಕೋಟನ್ನು ಒಳಮೈ ಹೊರಮೈ ತಿರುವಿ ಹೊಲಿಸಿ ತೊಡುವುದು ಅವರಿಗೆ ದೈವಭಕ್ತಿಯ ಭಾಗವೇ ಆಗಿತ್ತು. ಆದರೂ ಸಾವಿರದ ಒಂಬೈನೂರ ಐವತ್ತೊಂದರ ವಸಂತದಲ್ಲಿ ಹೆನ್ರಿ ಕೊಂಡು ತಂದ ಕಾರನ್ನು ನೋಡಿದಾಗ, ಇದು ತುಸು ಅತಿಯಾಯಿತೆಂದು ಅಂಥ ಊರಿಗೂ ಅನ್ನಿಸಿತು.

ಯುದ್ಧ ಮುಗಿದು ಕಾರುಗಳೆಲ್ಲ ವರ್ಷ ವರ್ಷವೂ ದೋಣಿಗಳಂತೆ ಉದ್ದವಾಗುತ್ತಿದ್ದ ಕಾಲ. ಅಂಥ ಹೊತ್ತಿನಲ್ಲಿ, ಹಿಂದೆ ಬಾಂಬರ್ ವಿಮಾನ ಕಟ್ಟುತ್ತಿದ್ದ ವಿಲೋ ರನ್ ಕಾರ್ಖಾನೆಯಿಂದ ಸಾಮಾನ್ಯರಿಗೂ ಎಟುಕುವ ಪುಟ್ಟ ಕಾರೊಂದು ಹೊರಬಂದಿತ್ತು. ಕಂಪನಿಯ ದೊರೆಯ ಹೆಸರನ್ನೇ ಅದಕ್ಕಿಟ್ಟು ಹೆನ್ರಿ ಜೆ ಎಂದು ಕರೆದಿದ್ದರು. ಬೆಲೆ ಇಳಿಸಲು ಏನೇನು ಬಿಡಬಹುದೋ ಅದನ್ನೆಲ್ಲ ಬಿಟ್ಟಿದ್ದರು. ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಕಾರಿನಂಗಡಿಯಲ್ಲಿ ಹೆನ್ರಿ ಅದರ ಹಿಂಬದಿಯನ್ನು ಎರಡೆರಡು ಸಲ ಸವರಿ ನೋಡಿದ.

‘ಡಿಕ್ಕಿ ಬಾಗಿಲು ಎಲ್ಲಪ್ಪಾ?’

‘ಬಾಗಿಲು ಇಲ್ಲ ಸಾರ್. ಹಿಂದಿನ ಸೀಟಿನ ಬೆನ್ನು ಮಡಚಿ, ಒಳಗಿಂದಲೇ ಸಾಮಾನು ತುರುಕೋದು.’

‘ಕಳ್ಳ ಬಂದ್ರೆ?’

‘ಬರಲಿ ಬಿಡಿ. ಅವನಿಗೂ ಬಾಗಿಲು ಸಿಗಲ್ಲ.’

ಈ ಮಾತು ಹೆನ್ರಿಯ ಮನಸ್ಸಿಗೆ ಹಿಡಿಸಿತು. ಇಲ್ಲದ ವಸ್ತುವಿಗೆ ದುಡ್ಡು ಕೊಡಬೇಕಾಗಿಲ್ಲ, ಅದು ಕೆಡುವುದೂ ಇಲ್ಲ. ಮೇಲಾಗಿ ಕಾರಿಗೆ ತನ್ನದೇ ಹೆಸರು. ಹಸಿರು ಬಣ್ಣದ ಒಂದನ್ನು ಮನೆಗೆ ಓಡಿಸಿಕೊಂಡು ಬಂದ.

ಹೆಂಡತಿ ಜೆನ್ನಿ ಏಪ್ರನ್ನಿಗೆ ಕೈ ಒರೆಸುತ್ತ ಹೊರಬಂದು ಕಾರನ್ನು ಒಂದು ಸುತ್ತು ಹಾಕಿದಳು.

‘ಹೆಸರೇನಂದೆ?’

‘ಹೆನ್ರಿ ಜೆ.’

‘ಒಬ್ಬ ಹೆನ್ರಿ ಜೊತೆ ಏಗಿದ್ದು ಸಾಲದಾಗಿತ್ತಾ ನಂಗೆ?’ ಎಂದವಳೇ ಒಳಗೆ ಹೋದಳು. ಅಂಗಡಿಗೆ ಹೋಗುವ ಮುನ್ನ ತನ್ನನ್ನೊಂದು ಮಾತು ಕೇಳಲಿಲ್ಲವೆಂಬುದು ಅವಳ ನಿಜವಾದ ಸಿಟ್ಟು. ಆ ಕಾರಿಗೆ ಕಾಲಿಡುವುದಿಲ್ಲವೆಂದು ಹಟ ಹಿಡಿದಳು.

ಭಾನುವಾರ ಚರ್ಚಿಗೆ ಅವಳು ರಸ್ತೆಯಂಚಿನಲ್ಲಿ ನಡೆದೇ ಹೋಗುವಳು. ಹೆನ್ರಿ ಪಕ್ಕದಲ್ಲೇ ಅವಳ ನಡಿಗೆಯ ವೇಗಕ್ಕೆ ಕಾರು ಬಿಡುತ್ತ, ಕಿಟಕಿಯಿಂದ ತಲೆ ಹೊರಹಾಕಿ, ‘ಹತ್ತೇ ಮಾರಾಯ್ತಿ, ಜನ ನೋಡ್ತಾರೆ’ ಎಂದು ಗೋಗರೆಯುವನು. ‘ನೋಡ್ಲಿ, ಅದಕ್ಕೇ ನಡೀತಿರೋದು’ ಎನ್ನುವಳು ಅವಳು. ಮಹಿಳಾ ಸಂಘದಲ್ಲಿ ಒಮ್ಮೆ, ‘ಹೆನ್ರಿನ ಕೊಟ್ಟಿಗೆ ಒಳಗೂ ಸೇರಿಸಲ್ಲ ನಾನು, ಮಳೆ ಬಂದ್ರೂ ಹೊರಗೇ ನಿಂತಿರ್ಲಿ’ ಎಂದುಬಿಟ್ಟಳು. ಊರಿಗೆ ಹೊಸಬಳಾದ ಒಬ್ಬಾಕೆ ಕಣ್ಣೀರು ತುಂಬಿಕೊಂಡು, ವ್ರಗಿಂಕ್ ದಂಪತಿಗಳು ಒಂದಾಗಲಿ ಎಂದು ಎಲ್ಲರೆದುರೇ ಪ್ರಾರ್ಥನೆ ಮಾಡಿದಳು.

ಆ ವರ್ಷ ಚರ್ಚಿಗೆ ಪಾದ್ರಿ ಇರಲಿಲ್ಲ. ಕರೆದವರೆಲ್ಲ ಬಂದು, ಒಂದು ಭಾನುವಾರ ಉಪದೇಶ ಮಾಡಿ, ಈ ಊರಿನ ಗಂಟುಮೋರೆಗಳನ್ನು ನೋಡಿ, ನಯವಾಗಿ ಒಲ್ಲೆನೆಂದು ಹೋಗಿದ್ದರು. ಶರತ್ಕಾಲದಲ್ಲಿ ಟೀಮರ್ಸ್ಮಾ ಎಂಬ ಇನ್ನೊಬ್ಬರು ಒಂದು ಭಾನುವಾರ ಬಂದು ನೋಡಲು ಒಪ್ಪಿ ಹೊರಟರು. ಅವರು ಉಳಿದುಕೊಳ್ಳಬೇಕಾದದ್ದು ಹೆನ್ರಿಯ ಮನೆಯಲ್ಲಿ. ಹಾಗಾಗಿ ಶನಿವಾರ ಅವರನ್ನು ಸ್ಟೇಷನ್ನಿನಿಂದ ಕರೆತರುವ ಕೆಲಸವೂ ಅವನ ಪಾಲಿಗೇ ಬಂತು. ಜೊತೆಗೆ ಚರ್ಚಿನ ಹಿರಿಯ, ಕ್ಲಾಸ್ ಡೈಕೆಮಾ ಎಂಬಾತ ಹೊರಟ. ಅವನಿಗೆ ಮಂಡಿ ನೋವು, ಕಿವಿಯೂ ಮಂದ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಹೆನ್ರಿಯ ಮಾವ ಕೈಯಡ್ಡ ಹಾಕಿ ಅವರ ಕಾರು ನಿಲ್ಲಿಸಿ, ಸೋಮವಾರ ಪಾದ್ರಿಗೆ ಔತಣ ಮಾಡಿರೆಂದು ಕೊಬ್ಬಿದ ಗಂಡು ಹೆಬ್ಬಾತೊಂದನ್ನು ಗೋಣಿಚೀಲದಲ್ಲಿ ಕಟ್ಟಿ ಕೊಟ್ಟ. ಬಿಟ್ಟಿ ಬಂದದ್ದನ್ನು ಬೇಡವೆನ್ನುವುದು ಹೆನ್ರಿಯ ಸ್ವಭಾವದಲ್ಲೇ ಇರಲಿಲ್ಲ. ಸೀಟು ಮಡಚಿ ಅದನ್ನು ಡಿಕ್ಕಿಗೆ ನೂಕಿದ.

ಟೀಮರ್ಸ್ಮಾ ಆರಡಿಗೂ ಮೀರಿದ ಆಳು. ಡೈಕೆಮಾನ ಮಂಡಿ ಹಿಂದಿನ ಸೀಟಿಗೆ ಹೋಗಲು ಬಗ್ಗುವಂತಿರಲಿಲ್ಲವಾದ್ದರಿಂದ, ಪಾದ್ರಿಗಳೇ ಮಡಚಿದ ಏಣಿಯಂತೆ ಹಿಂದೆ ಕುಳಿತರು. ಅವರ ಪೆಟ್ಟಿಗೆ ಹೆಬ್ಬಾತಿನ ಪಕ್ಕ ಸೇರಿತು. ಗೋಣಿಚೀಲದೊಳಗೇನಿದೆ ಎಂಬುದನ್ನು ಹೇಳಲು ಹೆನ್ರಿಗೆ ನಾಚಿಕೆಯಾಯಿತು.

‘ಈ ಸಲ ಬೆಳೆ ಹೇಗಿದೆ?’ ಎಂದು ಕೇಳಿದರು ಪಾದ್ರಿ.

‘ಕ್ರಾಂಕ್!’ ಎಂಬ ದನಿ ಬಂತು.

ಪಾದ್ರಿ ಮುಂದಕ್ಕೆ ಬಾಗಿ, ‘ಹುಷಾರಾಗಿದ್ದೀರಾ ಡೈಕೆಮಾ ಅವರೇ?’ ಎಂದರು.

‘ದೇವರ ದಯೆ ಪಾದ್ರಿಗಳೇ, ಹೊಟ್ಟೆ ಈಗ ಎಷ್ಟೋ ವಾಸಿ’ ಎಂದ ಡೈಕೆಮಾ ಗಂಭೀರವಾಗಿ.

ಮತ್ತೆ ‘ಕ್ರಾಂಕ್!’ ಪಾದ್ರಿ ಮೆಲ್ಲನೆ ಕರವಸ್ತ್ರ ತೆಗೆದು ಮೂಗಿಗೊತ್ತಿಕೊಂಡರು. ಹೆನ್ರಿಗೆ ಬೇರೆ ದಾರಿ ತೋಚದೆ ದೊಡ್ಡ ದನಿಯಲ್ಲಿ ಪ್ರಾರ್ಥನಾಗೀತೆಯೊಂದನ್ನು ಎತ್ತಿಕೊಂಡ. ಪಾದ್ರಿಯೂ ತಮ್ಮ ಭಾರಿ ಕಂಠ ಸೇರಿಸಿದರು. ಹಿಂದಿನಿಂದ ಹೆಬ್ಬಾತು ತಾನೂ ಸೇರಿಕೊಂಡಿತು. ಡೈಕೆಮಾ ಒಬ್ಬನೇ ಕಣ್ಣು ಮುಚ್ಚಿ ಭಕ್ತಿಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದ.

ಮನೆಯಂಗಳದಲ್ಲಿ ಜೆನ್ನಿಯೂ ಸಂಘದ ಹೆಂಗಸರೂ ಕಾಫಿ, ಹಂದಿಮಾಂಸದ ಬನ್ನುಗಳನ್ನು ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ಪಾದ್ರಿ ಇಳಿದರು. ಪೆಟ್ಟಿಗೆ ತೆಗೆಯಲೆಂದು ಹೆನ್ರಿ ಸೀಟು ಮಡಚಿದರೆ, ಹೆಬ್ಬಾತು ಚೀಲ ಹರಿದುಕೊಂಡು, ಪೆಟ್ಟಿಗೆಯ ಮುಚ್ಚಳ ಕೆದಕಿ ತೆಗೆದು, ಒಳಗಿದ್ದ ಬಟ್ಟೆಗಳ ಮೇಲೆ ಠೀವಿಯಿಂದ ಕುಳಿತಿತ್ತು. ಹೆನ್ರಿ ತಲೆ, ಭುಜ, ಹೊಟ್ಟೆಯ ತನಕ ಒಳಗೆ ತೂರಿದ. ಹೊಟ್ಟೆ ಸಿಕ್ಕಿಹಾಕಿಕೊಂಡಿತು. ಹಿಂದೆ ಬರಲಾರ, ಮುಂದೆ ಹೋಗಲಾರ. ಒಳಗೆ ಹೆಬ್ಬಾತು ಅವನ ಕಿವಿ ಹಿಡಿಯಿತು.

‘ಅಯ್ಯಯ್ಯೋ, ಜೆನ್ನೀ!’

ಜೆನ್ನಿ ಓಡಿಬಂದಳು. ಹೊರಗೆ ಒದೆಯುತ್ತಿದ್ದ ಗಂಡನ ಬೂಟುಗಳನ್ನು ಹಿಡಿದು ಎಳೆದಳು. ಬೂಟುಗಳಷ್ಟೇ ಅವಳ ಕೈಗೆ ಬಂದವು.

‘ಹೆನ್ರಿ ಒಳಗೆ ಹೆನ್ರಿ ಸಿಕ್ಕೊಂಡವ್ನೆ ಕಣ್ರೇ!’ ಎಂದು ಕೂಗಿದ ಅವಳಿಗೆ ತನ್ನ ಮಾತಿಗೆ ತಾನೇ ನಗು ಉಕ್ಕಿತು. ಬೂಟುಗಳನ್ನು ಎದೆಗವಚಿಕೊಂಡು ನಗುತ್ತ ಹುಲ್ಲಿನ ಮೇಲೆ ಕುಕ್ಕರಿಸಿದಳು. ಹೆಂಗಸರು ಪಾದ್ರಿಯ ಮುಖ ನೋಡಿದರು. ಪಾದ್ರಿಯ ಹೊಟ್ಟೆ ಆಗಲೇ ಕುಲುಕುತ್ತಿತ್ತು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು. ಏನಾಯಿತೆಂದು ತಿಳಿಯದ ಡೈಕೆಮಾ ಕೂಡ ಮರ್ಯಾದೆಗೆ ನಕ್ಕ.

ಪಾದ್ರಿಯೂ ಕೈ ಹಾಕಿ ಹೆನ್ರಿಯನ್ನು ಹೊರಗೆಳೆದ ಮೇಲೆ, ಕಾಲಿಡಲಾರೆನೆಂದಿದ್ದ ಜೆನ್ನಿಯೇ ಸೆರಗಿನಂತೆ ಏಪ್ರನ್ನನ್ನು ಸೊಂಟಕ್ಕೆ ಸಿಕ್ಕಿಸಿ ಒಳಗೆ ತೆವಳಿ, ಹೆಬ್ಬಾತನ್ನು ಕಂಕುಳಲ್ಲಿ ಅವುಚಿಕೊಂಡು ಬಂದಳು. ಪೆಟ್ಟಿಗೆಯಲ್ಲಿದ್ದ ಪಾದ್ರಿಯ ಕಪ್ಪು ಕೋಟಿನ ಮೇಲೆ ಹೆಬ್ಬಾತು ಮಾಡಬಾರದ್ದನ್ನೆಲ್ಲ ಮಾಡಿತ್ತು. ಮಾರನೆಯ ದಿನ ಅವರು ಹೆನ್ರಿಯ ಕೋಟು ತೊಟ್ಟು, ಮೊಳಕೈಗೇರಿದ ತೋಳುಗಳನ್ನು ಎತ್ತಿ ಎತ್ತಿ ಉಪದೇಶ ಮಾಡಿದರು. ಆ ಚರ್ಚಿನಲ್ಲಿ ಅಂದಿನಷ್ಟು ಜನ ಎಚ್ಚರವಾಗಿದ್ದದ್ದು ಯಾರಿಗೂ ನೆನಪಿರಲಿಲ್ಲ. ಕ್ರಿಸ್‌ಮಸ್ಸಿಗೆ ಮೊದಲೇ ಟೀಮರ್ಸ್ಮಾ ಸಂಸಾರ ಸಮೇತ ಬಂದು ನೆಲೆಸಿದರು.

ಮರುವರ್ಷ ಬಂದ ಹೊಸ ಹೆನ್ರಿ ಜೆಗಳಿಗೆ ಡಿಕ್ಕಿ ಬಾಗಿಲು ಸಿಗತೊಡಗಿತು. ಸುದ್ದಿ ಕೇಳಿ ಹೆನ್ರಿ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ‘ಒಂದು ವರ್ಷ ತಡ್ಕೊಂಡಿದ್ರೆ ಆಗ್ತಿತ್ತು ಕಣೇ’ ಎಂದು ಗೊಣಗಿದ. ‘ತಡ್ಕೊಂಡಿದ್ರೆ ನಮಗೆ ಇವತ್ತಿಗೂ ಪಾದ್ರಿ ಇರ್ತಿರ್ಲಿಲ್ಲ, ತಿನ್ನು’ ಎಂದಳು ಜೆನ್ನಿ.

ಬಾಗಿಲು ಬಂದರೂ ಕಾರಿನ ಹಣೆಬರಹ ಬದಲಾಗಲಿಲ್ಲ. ಅಗ್ಗವೆಂದರೆ ಅಗ್ಗವಾಗಿಯೇ ಕಾಣುತ್ತದೆ, ಇನ್ನು ಸ್ವಲ್ಪ ದುಡ್ಡು ಹಾಕಿದರೆ ದೊಡ್ಡ ಕಾರೇ ಬರುತ್ತದೆ ಎಂದು ಜನ ಅತ್ತ ಹೋದರು. ಐವತ್ತನಾಲ್ಕಕ್ಕೆ ಕಂಪನಿ ಅದನ್ನು ಕಟ್ಟುವುದನ್ನೇ ನಿಲ್ಲಿಸಿತು. ಸೊಸೈಟಿಯಲ್ಲಿ ಗೊಬ್ಬರ ಕೊಳ್ಳುತ್ತಿದ್ದವರು ಜೆನ್ನಿಯನ್ನು ಕಂಡು ಟೋಪಿ ತೆಗೆದರು.

‘ಹೆನ್ರಿ ತೀರ್ಕೊಂಡನಂತಲ್ಲ ಜೆನ್ನಿ, ತುಂಬಾ ಬೇಜಾರಾಯ್ತು’ ಎಂದ ಒಬ್ಬ.

‘ನಮ್ಮನೇಲಿ ಎರಡು ಹೆನ್ರಿನೂ ಗಟ್ಟಿಯಾಗೇ ಅವೆ. ನಿನ್ನ ದೊಡ್ಡ ಕಾರು ಕಳೆದ ವಾರ ಹಳ್ಳದಲ್ಲಿ ಸಿಕ್ಕೊಂಡಾಗ ಎಳೆದು ಹಾಕಿದ್ದು ಯಾವ ಹೆನ್ರಿ ಅಂತ ಮರೆತ್ಯಾ?’ ಎಂದಳು ಅವಳು, ಚೀಲ ಹೆಗಲಿಗೇರಿಸುತ್ತ.

ಅಷ್ಟರಲ್ಲಿ ಅವಳು ಕಾರು ಬಿಡುವುದನ್ನೂ ಕಲಿತಿದ್ದಳು. ಸೆಲರಿ ಕಟ್ಟುಗಳನ್ನು ಹಿಂದೆ ತುಂಬಿಕೊಂಡು ಪೇಟೆಗೆ ಅವಳೇ ಹೊರಡುವಳು. ಹೆನ್ರಿ ಪಕ್ಕದಲ್ಲಿ ಕುಳಿತು, ‘ನಿಧಾನ, ಪೆಟ್ರೋಲ್ ಸುಮ್ನೆ ಸಿಗಲ್ಲ’ ಎನ್ನುತ್ತಿದ್ದ. ಅಲ್ಲಿ ಕುಳಿತರೆ ಎರಡೂ ಬದಿಯ ಹೊಲಗಳು ಚೆನ್ನಾಗಿ ಕಾಣುತ್ತವೆ, ತನಗೆ ಅದೇ ಜಾಗ ಇಷ್ಟ ಎಂಬುದನ್ನು ಮಾತ್ರ ಅವನು ಯಾರಲ್ಲೂ ಬಾಯಿಬಿಡಲಿಲ್ಲ.